ಬೆಳಗ್ಗೆ ಮಾತ್ರ ಹತ್ತುವ ಚೆಕ್ ಎಂಜಿನ್ ದೀಪ, ಪಿ0456, ಮತ್ತು 1,180 ಡಾಲರಿನ ಕ್ಯಾನಿಸ್ಟರ್

ಪ್ರಶ್ನೆ: ಸರ್, ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಕಾರು 2013ರ ಟೊಯೋಟಾ ಕ್ಯಾಮ್ರಿ, ಪೆಟ್ರೋಲ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, 96,000 ಮೈಲಿ ಓಡಿದೆ. ಎರಡು ತಿಂಗಳಿಂದ ಚೆಕ್ ಎಂಜಿನ್ ದೀಪ ಬರುತ್ತಿದೆ. ಸ್ಕ್ಯಾನರ್ ಹಾಕಿದರೆ ಪಿ0456, ಅಂದರೆ ಪೆಟ್ರೋಲ್ ಆವಿ ಎಲ್ಲೋ ಸಣ್ಣಗೆ ಸೋರುತ್ತಿದೆ ಎಂಬ ಕೋಡ್. ಟ್ಯಾಂಕಿನ ಮುಚ್ಚಳ ಬದಲಿಸಿದರೆ ಸರಿಹೋಗುತ್ತದೆ ಎಂದು ಗೆಳೆಯರೊಬ್ಬರು ಹೇಳಿದರು. ಆನ್‌ಲೈನಿನಲ್ಲಿ ಅಗ್ಗದ ಮುಚ್ಚಳ ತರಿಸಿ ಹಾಕಿ ಕೋಡ್ ಅಳಿಸಿದೆ. ಮೂರು ದಿನ ಸುಮ್ಮನಿದ್ದು ನಾಲ್ಕನೇ ಬೆಳಗ್ಗೆ ಮತ್ತೆ ದೀಪ. ಬರುವುದೆಲ್ಲ ಬೆಳಗ್ಗೆ ಸ್ಟಾರ್ಟ್ ಮಾಡಿದಾಗಲೇ, ಓಡಿಸುವಾಗ ಒಮ್ಮೆಯೂ ಬಂದಿಲ್ಲ. ಒಂದು ಗ್ಯಾರೇಜಿನವರು ಟ್ಯಾಂಕಿನ ಕೊಳವೆಗಳಿಗೆ ಹೊಗೆ ಹಾಯಿಸಿ, ಕ್ಯಾನಿಸ್ಟರ್ (ಪೆಟ್ರೋಲ್ ಆವಿ ಹಿಡಿದಿಡುವ ಡಬ್ಬ) ಹತ್ತಿರ ಹೊಗೆ ಹೊರಬರುವುದನ್ನು ನನಗೇ ತೋರಿಸಿದರು. ಅದನ್ನು ಬದಲಿಸಲು 1,180 ಡಾಲರ್ ಅಂತೆ. ಬರುವ ತಿಂಗಳು ಸ್ಮಾಗ್ ಚೆಕ್ (ನೋಂದಣಿಗೆ ಬೇಕಾದ ಮಾಲಿನ್ಯ ತಪಾಸಣೆ) ಇದೆ. ಹಾಸನದಿಂದ ಬಂದಿರುವ ಅಪ್ಪ ಬೇರೊಂದು ಹೇಳುತ್ತಾರೆ: ರಾತ್ರಿ ಹನ್ನೊಂದೂವರೆ ಸುಮಾರಿಗೆ, ನಿಂತ ಕಾರಿನ ಹಿಂಭಾಗದಿಂದ ಗುಂಯ್ ಅಂತ ಸದ್ದು ಬರುತ್ತದಂತೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ? ಹಾಗೇ ಬಿಟ್ಟರೆ ಎಂಜಿನ್ ಹಾಳಾಗುತ್ತದೆಯೇ? ಕೋಡ್ ಅಳಿಸಿಕೊಂಡು ಸ್ಮಾಗ್ ಚೆಕ್ಕಿಗೆ ಹೋದರೆ ಆಗದೇ?

ಉತ್ತರ: ಮೊದಲು ನಿಮ್ಮ ತಂದೆಯವರ ಮಾತಿಗೆ ಬರುತ್ತೇನೆ. ಅವರ ಕಿವಿ ಚುರುಕಾಗಿದೆ, ನಿಮ್ಮ ಪ್ರಶ್ನೆಯಲ್ಲಿರುವ ಅತ್ಯುತ್ತಮ ಸುಳಿವು ಅವರದೇ. ನೀವು ಸಂಜೆ ಆರೂವರೆ ಸುಮಾರಿಗೆ ಕಾರು ತಂದು ನಿಲ್ಲಿಸುತ್ತೀರಿ, ಅಲ್ಲವೇ? ಈ ತಲೆಮಾರಿನ ಕ್ಯಾಮ್ರಿಯಲ್ಲಿ ಎಂಜಿನ್ ಆಫ್ ಆಗಿ ಐದು ಗಂಟೆಯಾದ ಮೇಲೆ ಕಂಪ್ಯೂಟರ್ ತಾನೇ ಎದ್ದು ಪೆಟ್ರೋಲ್ ಟ್ಯಾಂಕು, ಅದರ ಕೊಳವೆಗಳು ಎಲ್ಲಾದರೂ ಸೋರುತ್ತಿವೆಯೇ ಎಂದು ಪರೀಕ್ಷಿಸುತ್ತದೆ. ಕ್ಯಾನಿಸ್ಟರಿನ ಜೊತೆಗೇ ಒಂದು ಪುಟ್ಟ ಪಂಪಿದೆ, ಗುಂಯ್ ಅನ್ನುವುದು ಅದು. ಐದು ಗಂಟೆ ಕಳೆದರೂ ಎಂಜಿನ್ ನೀರು 35 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ ಇದ್ದರೆ ಆಫ್ ಮಾಡಿ ಏಳು ಗಂಟೆಯಾದ ಮೇಲೆ, ಆಗಲೂ ಬಿಸಿಯಿದ್ದರೆ ಒಂಬತ್ತೂವರೆ ಗಂಟೆಯಾದ ಮೇಲೆ ಮತ್ತೆ ನೋಡುತ್ತದೆ. ಆ ಸದ್ದು ದೋಷವಲ್ಲ, ಹೆದರಬೇಕಿಲ್ಲ.

ದೀಪ ಬೆಳಗ್ಗೆಯೇ ಬರುವುದಕ್ಕೂ ಇದೇ ಕಾರಣ. ಪರೀಕ್ಷೆ ನಡೆಯುವುದು ನೀವು ಮಲಗಿರುವಾಗ. ಒಂದು ರಾತ್ರಿ ಫೇಲಾದರೆ ಕಂಪ್ಯೂಟರ್ ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತದೆ, ಮುಂದಿನ ಪರೀಕ್ಷೆಯೂ ಫೇಲಾದರೆ ದೀಪ ಹತ್ತಿಸುತ್ತದೆ. ಟ್ಯಾಂಕ್ ಶೇಕಡಾ 90ಕ್ಕಿಂತ ಹೆಚ್ಚು ತುಂಬಿದ್ದರೆ, ಅಥವಾ ತೀರಾ ಚಳಿ, ತೀರಾ ಸೆಖೆ ಇದ್ದರೆ ಆ ರಾತ್ರಿ ಪರೀಕ್ಷೆಗೆ ರಜೆ. ಹಾಗಾಗಿ ಕೋಡ್ ಅಳಿಸಿದ ಮೇಲೆ ಮೂರು ದಿನ ದೀಪ ಬರಲಿಲ್ಲ ಅಂದಮಾತ್ರಕ್ಕೆ ಮುಚ್ಚಳ ಕೆಲಸ ಮಾಡಿತು ಎಂದು ಅರ್ಥವಲ್ಲ. ಪರೀಕ್ಷೆ ಎರಡು ಸಲ ನಡೆಯಲು ಅಷ್ಟು ದಿನ ಹಿಡಿಯಿತು, ಅಷ್ಟೇ.

ಪರೀಕ್ಷೆಯ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಆ 1,180 ಡಾಲರಿನ ಲೆಕ್ಕ ನಿಂತಿರುವುದು ಇದರ ಮೇಲೆ. ಪೆಟ್ರೋಲ್ ಟ್ಯಾಂಕಿನಲ್ಲಿ ಸದಾ ಆವಿ ಏಳುತ್ತಿರುತ್ತದೆ. ಅದು ಹೊರಗೆ ಹೋಗದಂತೆ ಇದ್ದಿಲು ತುಂಬಿದ ಒಂದು ಡಬ್ಬ ಹಿಡಿದಿಟ್ಟುಕೊಳ್ಳುತ್ತದೆ, ಅದೇ ಕ್ಯಾನಿಸ್ಟರ್. ಎಂಜಿನ್ ಓಡುವಾಗ ಮುಂದೆ ಬಾನೆಟ್ ಕೆಳಗಿರುವ ಪರ್ಜ್ ವಾಲ್ವ್ ತೆರೆದು ಆ ಆವಿಯನ್ನು ಎಂಜಿನ್ನಿಗೆ ಎಳೆದು ಸುಡುತ್ತದೆ. ಇನ್ನೊಂದು ಕಡೆ ವೆಂಟ್ ವಾಲ್ವ್ ಇದೆ, ಕ್ಯಾನಿಸ್ಟರಿಗೆ ಹೊರಗಿನ ಗಾಳಿ ಬರುವ ಬಾಗಿಲು. ಇದು ಮಾಮೂಲಿಯಾಗಿ ತೆರೆದೇ ಇರುತ್ತದೆ, ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಮುಚ್ಚುತ್ತದೆ. ಈ ‘ತೆರೆದೇ ಇರುತ್ತದೆ’ ಅನ್ನುವುದನ್ನು ನೆನಪಿಡಿ.

ಪಂಪಿನ ಬಳಿ ಅರ್ಧ ಮಿಲಿಮೀಟರಿನ ಒಂದು ಅಳತೆ ರಂಧ್ರವನ್ನು ಕಾರ್ಖಾನೆಯಲ್ಲೇ ಕೊರೆದಿರುತ್ತಾರೆ. ಮೈಕ್ರೋಟಿಪ್ ಪೆನ್ಸಿಲ್ಲಿನ ಸೀಸದ ಕಡ್ಡಿಯಷ್ಟು ದಪ್ಪ. ಪಂಪು ಮೊದಲು ಆ ರಂಧ್ರದ ಮೂಲಕ ಗಾಳಿ ಎಳೆದು, ಇಷ್ಟು ತೂತಿದ್ದರೆ ಇಷ್ಟು ನಿರ್ವಾತ ಬರುತ್ತದೆ ಎಂದು ಗುರುತು ಮಾಡಿಕೊಳ್ಳುತ್ತದೆ. ಆಮೇಲೆ ವೆಂಟ್ ಮುಚ್ಚಿ ಇಡೀ ಟ್ಯಾಂಕಿನಿಂದ ಎಳೆಯುತ್ತದೆ. ಆ ಗುರುತಿನಷ್ಟು ನಿರ್ವಾತ ಬರಲೇ ಇಲ್ಲ ಎಂದರೆ ಎಲ್ಲೋ ಅದಕ್ಕಿಂತ ದೊಡ್ಡ ತೂತಿದೆ. ತೀರಾ ದೊಡ್ಡದಾದರೆ ಪಿ0455, ಸಣ್ಣದಾದರೆ ನಿಮಗೆ ಬಂದಿರುವ ಪಿ0456. ಅಂದರೆ ಕೋಡ್ ಹೇಳುತ್ತಿರುವುದು ತೂತಿನ ಗಾತ್ರವನ್ನು ಮಾತ್ರ. ಯಾವ ಭಾಗ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ಪಾರ್ಟ್ಸ್ ಅಂಗಡಿಯಲ್ಲಿ ಪುಕ್ಕಟೆಯಾಗಿ ಕೋಡ್ ಓದಿಸಿ, ಅದರ ಜೊತೆ ಮುದ್ರಿತವಾಗಿ ಬರುವ ‘ಸಂಭವನೀಯ ಭಾಗ’ಗಳ ಪಟ್ಟಿ ಹಿಡಿದು ಒಂದೊಂದನ್ನೇ ಬದಲಿಸುತ್ತ ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ಎಲ್ಲ ಬದಲಾದ ಮೇಲೂ ದೀಪ ಇರುತ್ತದೆ.

ಇಷ್ಟು ಸಣ್ಣ ತೂತಿಗೆ ಇಷ್ಟು ರಾದ್ಧಾಂತ ಏಕೆ ಎಂದು ನಿಮ್ಮ ತಂದೆ ಕೇಳಿದರೆ, ಉತ್ತರ ಲಾಸ್ ಏಂಜಲೀಸ್‌ನಲ್ಲಿದೆ. ಅಲ್ಲಿನ ಕಣ್ಣುರಿಸುವ ಮಂಜಿಗೆ ಕಾರು ಮತ್ತು ತೈಲ ಸಂಸ್ಕರಣಾಗಾರಗಳಿಂದ ಬರುವ, ಪೆಟ್ರೋಲ್ ಆವಿಯಂಥ ಹೈಡ್ರೋಕಾರ್ಬನ್ನುಗಳು ಬಿಸಿಲಿನಲ್ಲಿ ನೈಟ್ರೋಜನ್ ಆಕ್ಸೈಡುಗಳ ಜೊತೆ ಸೇರಿ ಓಝೋನ್ ಉಂಟುಮಾಡುವುದೇ ಕಾರಣವೆಂದು ಕ್ಯಾಲ್‌ಟೆಕ್‌ನ ವಿಜ್ಞಾನಿ ಏರಿ ಹಾಗೆನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ತೋರಿಸಿದರು. ಹೊಗೆ ಕೊಳವೆಯೊಂದೇ ಅಪರಾಧಿಯಲ್ಲ, ಬಿಸಿಲಿಗೆ ನಿಂತ ಕಾರಿನ ಟ್ಯಾಂಕೂ ಅದೇ ಹೈಡ್ರೋಕಾರ್ಬನ್ ಬಿಡುತ್ತದೆ. 1970ರ ಮಾಡೆಲ್‌ಗಳಿಂದ ಕ್ಯಾಲಿಫೋರ್ನಿಯಾ, ಮರುವರ್ಷದಿಂದ ಇಡೀ ಅಮೆರಿಕ ಈ ಆವಿಯನ್ನು ಹಿಡಿಯಬೇಕೆಂದವು. ಹಾಸನದಲ್ಲಿ ಓಡುವ ಇಂದಿನ ಕಾರುಗಳಲ್ಲೂ ಕ್ಯಾನಿಸ್ಟರ್ ಇರುತ್ತದೆ, ಆದರೆ ನಮ್ಮೂರಿನ ಎಮಿಷನ್ ಟೆಸ್ಟಿನಲ್ಲಿ ಸೈಲೆನ್ಸರಿಗೆ ಕೊಳವೆ ತೂರಿಸಿ ನೋಡಿ ಕಳಿಸುತ್ತಾರೆ, ಟ್ಯಾಂಕಿನ ಕಡೆ ಯಾರೂ ತಿರುಗುವುದಿಲ್ಲ. ಹಾಗಾಗಿ ‘ನಮ್ಮ ಕಾಲದಲ್ಲಿ ಇವೆಲ್ಲ ಇರಲಿಲ್ಲ’ ಅನ್ನುವುದು ಸಹಜವೇ.

ಮುಚ್ಚಳದ ವಿಷಯ ಪೂರ್ತಿ ಕಟ್ಟುಕತೆಯಲ್ಲ. ರಬ್ಬರ್ ಸೀಲ್ ಒಣಗಿ ಬಿರುಕು ಬಿಟ್ಟರೆ, ಮುಚ್ಚಳದ ದಾರ ಸೀಲಿನ ಕೆಳಗೆ ಸಿಕ್ಕಿಕೊಂಡಿದ್ದರೆ ಇದೇ ಕೋಡ್ ಬರುತ್ತದೆ. ಅದಕ್ಕೇ ಎಲ್ಲರ ಬಾಯಲ್ಲೂ ಮೊದಲು ಬರುವುದು ಮುಚ್ಚಳ. ನಿಮ್ಮ ವಿಷಯದಲ್ಲಿ ನನ್ನ ತಕರಾರು ಬೇರೆ: ಅಗ್ಗದ ಮುಚ್ಚಳಗಳು ಕೆಲವೊಮ್ಮೆ ತಾವೇ ಸೋರುತ್ತವೆ. ಹಳೆಯದನ್ನು ಎಸೆದಿಲ್ಲವಾದರೆ ಅದರ ಸೀಲನ್ನು ಉಗುರಿನಿಂದ ಬಾಗಿಸಿ ನೋಡಿ, ಬಿರುಕಿಲ್ಲದಿದ್ದರೆ ಅದನ್ನೇ ವಾಪಸ್ ಹಾಕಿ. ಬಿರುಕಿದ್ದರೆ ಕಂಪನಿಯದೇ ಮುಚ್ಚಳ ತನ್ನಿ. ಜೊತೆಗೆ ಮುಚ್ಚಳ ಕೂರುವ ಲೋಹದ ಬಾಯಿಯನ್ನು ಟಾರ್ಚ್ ಹಾಕಿ ಸುತ್ತಲೂ ನೋಡಿ. ಅಲ್ಲಿ ತುಕ್ಕಿನ ಹಕ್ಕಳೆ ಅಥವಾ ನಜ್ಜು ಇದ್ದರೆ ಎಂಥ ಮುಚ್ಚಳವೂ ಕೂರದು.

ಪೆಟ್ರೋಲ್ ಹಾಕಿಸುವ ಅಭ್ಯಾಸದ ಬಗ್ಗೆಯೂ ಒಂದು ಮಾತು. ಬಂಕಿನಲ್ಲಿ ನಾಜಲ್ ಟಕ್ ಎಂದು ನಿಂತ ಮೇಲೂ ರೌಂಡ್ ಫಿಗರ್ ಮಾಡಲು ಒತ್ತೊತ್ತಿ ಹಾಕುವುದು ನಮ್ಮವರಿಗೆ ಊರಿನಿಂದಲೇ ಬಂದ ರೂಢಿ. ಹಾಗೆ ತುಂಬಿದಾಗ ಆವಿ ಹೋಗಬೇಕಾದ ದಾರಿಯಲ್ಲಿ ದ್ರವ ಪೆಟ್ರೋಲೇ ಕ್ಯಾನಿಸ್ಟರಿಗೆ ಇಳಿಯಬಹುದು. ಇದ್ದಿಲು ನೆನೆದು ಹಾಳಾಗುತ್ತದೆ. ಕೆಲವು ಕಾರುಗಳಲ್ಲಿ ಇದ್ದಿಲಿನ ಕಾಳು ಒಡೆದು ಪುಡಿಯಾಗಿ ಪರ್ಜ್ ವಾಲ್ವಿನವರೆಗೂ ಹೋಗಿ, ಅದು ಮುಚ್ಚದಂತೆ ಮಾಡುತ್ತದೆ. ಇಂಥ ಕಾರು ಪೆಟ್ರೋಲ್ ತುಂಬಿಸಿದ ಕೂಡಲೇ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ನಿಮ್ಮ ಕಾರು ಹಾಗೆ ಮಾಡುತ್ತಿದೆಯೇ? ಪ್ರಶ್ನೆಯಲ್ಲಿ ಬರೆದಿಲ್ಲ. ಮಾಡುತ್ತಿದ್ದರೆ ಹಿಂಭಾಗದ ಕ್ಯಾನಿಸ್ಟರಿಗಿಂತ ಮೊದಲು ಮುಂಭಾಗದ ಪರ್ಜ್ ವಾಲ್ವಿನ ಮೇಲೆ ಅನುಮಾನ ಪಡಬೇಕು.

ಈಗ ಆ ಹೊಗೆ. ಹೊಗೆ ಹಾಯಿಸುವುದು ಸರಿಯಾದ ವಿಧಾನವೇ, ನಾವೂ ಅದನ್ನೇ ಮಾಡುವುದು. ಎಣ್ಣೆ ಕಾಯಿಸಿ ಬರುವ ಬಿಳಿ ಹೊಗೆಯನ್ನು ಬಹಳ ಕಡಿಮೆ ಒತ್ತಡದಲ್ಲಿ, ಅರ್ಧ ಪಿಎಸ್‌ಐ ಆಸುಪಾಸಿನಲ್ಲಿ ಒಳಗೆ ಬಿಟ್ಟು ಎಲ್ಲಿಂದ ಹೊರಬರುತ್ತದೆ ಎಂದು ದೀಪ ಹಿಡಿದು ನೋಡುತ್ತೇವೆ. ಆದರೆ ಎಂಜಿನ್ ಆಫ್ ಇದ್ದಾಗ ವೆಂಟ್ ವಾಲ್ವ್ ತೆರೆದೇ ಇರುತ್ತದೆ ಎಂದೆನಲ್ಲ? ಸ್ಕ್ಯಾನರಿನಿಂದ ಅದನ್ನು ಮುಚ್ಚಲು ಆಜ್ಞೆ ಕೊಡದೆ ಹೊಗೆ ಬಿಟ್ಟರೆ, ಎಳ್ಳಷ್ಟೂ ದೋಷವಿಲ್ಲದ ಕಾರಿನಲ್ಲೂ ಹೊಗೆ ಕ್ಯಾನಿಸ್ಟರಿನ ಗಾಳಿ ಕೊಳವೆಯಿಂದ ಧಾರಾಳವಾಗಿ ಬರುತ್ತದೆ. ಬರಲೇಬೇಕು. ಗ್ರಾಹಕರನ್ನು ಕರೆದು ತೋರಿಸಿದರೆ ಅವರೂ ತಲೆಯಾಡಿಸುತ್ತಾರೆ. ನಿಮ್ಮ ಗ್ಯಾರೇಜಿನವರು ಮೋಸ ಮಾಡಿದರು ಎನ್ನುತ್ತಿಲ್ಲ. ವಾಲ್ವ್ ಮುಚ್ಚಿಯೇ ನೋಡಿರಬಹುದು, ಕ್ಯಾನಿಸ್ಟರಿನ ಪ್ಲಾಸ್ಟಿಕ್ ನಿಜವಾಗಿಯೂ ಸೀಳಿರಬಹುದು. ಕಾರಿನ ಅಡಿಯಲ್ಲಿರುವ ವಸ್ತು, ಯಾವುದಾದರೂ ಕಲ್ಲು ತಾಗಿದರೂ ಸಾಕು. ಅವರನ್ನು ಕೇಳಬೇಕಾದ ಪ್ರಶ್ನೆ ಇಷ್ಟೇ: ‘ಹೊಗೆ ಬಿಟ್ಟಾಗ ವೆಂಟ್ ವಾಲ್ವ್ ಮುಚ್ಚಿತ್ತೇ? ಹೊಗೆ ಬಂದದ್ದು ಗಾಳಿ ಕೊಳವೆಯಿಂದಲೋ, ಡಬ್ಬದ ಮೈಯಿಂದಲೋ, ಯಾವುದಾದರೂ ಜಾಯಿಂಟಿನಿಂದಲೋ?’ ಕೆಲಸ ಗೊತ್ತಿದ್ದವರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ, ಫೋಟೋ ಸಮೇತ ತೋರಿಸುತ್ತಾರೆ. ಉತ್ತರ ತೇಲಿಸಿದರೆ ಎದ್ದು ಬನ್ನಿ.

ವಾಲ್ವ್ ಮುಚ್ಚಿದ್ದರೂ ಗಾಳಿ ಕೊಳವೆಯಿಂದಲೇ ಹೊಗೆ ಬರುತ್ತಿದ್ದರೆ ವೆಂಟ್ ವಾಲ್ವೇ ಸರಿಯಾಗಿ ಕೂರುತ್ತಿಲ್ಲ. ಈ ಟೊಯೋಟಾಗಳಲ್ಲಿ ವೆಂಟ್ ವಾಲ್ವ್, ಪಂಪ್, ಒತ್ತಡದ ಸೆನ್ಸರ್ ಮೂರೂ ಒಂದೇ ಮಾಡ್ಯೂಲಿನಲ್ಲಿ ಕ್ಯಾನಿಸ್ಟರಿಗೆ ಅಂಟಿಕೊಂಡಿರುತ್ತವೆ. ಕೆಲವು ಮಾಡೆಲ್‌ಗಳಿಗೆ ಮಾಡ್ಯೂಲ್ ಬೇರೆಯಾಗಿ ಸಿಗುತ್ತದೆ, ಕೆಲವಕ್ಕೆ ಇಡೀ ಕ್ಯಾನಿಸ್ಟರ್ ಕೊಳ್ಳಬೇಕು. ಹಾಗಾಗಿ ದೊಡ್ಡ ಬಿಲ್ ಆದಮಾತ್ರಕ್ಕೆ ಸುಲಿಗೆ ಎನ್ನಲಾಗದು. ನಿಮ್ಮ ಕಾರಿನ ವಿಐಎನ್ (ಗುರುತಿನ ಸಂಖ್ಯೆ) ಕೊಟ್ಟು ಡೀಲರಿನ ಪಾರ್ಟ್ಸ್ ಕೌಂಟರಿನಲ್ಲಿ ಕೇಳಿದರೆ ಗೊತ್ತಾಗುತ್ತದೆ.

ಅನುಭವದಲ್ಲಿ ಅರ್ಧ ಮಿಲಿಮೀಟರ್ ಸೋರಿಕೆಗಳು ಸಿಗುವ ಜಾಗ ಬೇರೆಬೇರೆ. ಟ್ಯಾಂಕಿನ ಮೇಲೆ ಫ್ಯೂಯಲ್ ಪಂಪ್ ಕೂರುವ ದುಂಡು ಸೀಲ್, ಅದರಲ್ಲೂ ಹಿಂದೆ ಯಾರಾದರೂ ಪಂಪ್ ಬಿಚ್ಚಿ ಹಳೆಯ ಸೀಲನ್ನೇ ಹಾಕಿದ್ದರೆ. ಇಲಿ, ಅಳಿಲು ಕಡಿದ ರಬ್ಬರ್ ಹೋಸ್, ನಿಮ್ಮ ಬೇ ಏರಿಯಾದಲ್ಲಿ ಇದು ನೀವೆಣಿಸುವುದಕ್ಕಿಂತ ಹೆಚ್ಚು. ಕ್ಯಾನಿಸ್ಟರಿಗೂ ಟ್ಯಾಂಕಿಗೂ ನಡುವಿನ ಹೋಸ್ ಕ್ಲಿಪ್ಪಿನ ಅಡಿಯಲ್ಲಿ ಬಿಟ್ಟ ಬಿರುಕು. ಮತ್ತೆ ಪರ್ಜ್ ವಾಲ್ವ್. ಈ ಕೊನೆಯದು ತಪ್ಪಿಸಿಕೊಳ್ಳುವುದರಲ್ಲಿ ನಿಸ್ಸೀಮ, ಏಕೆಂದರೆ ಅದು ಸೋರಿದರೆ ಹೊಗೆ ಹೊರಗೆ ಕಾಣದೆ ಎಂಜಿನ್ ಒಳಕ್ಕೇ ಹೋಗುತ್ತದೆ. ಏರ್ ಫಿಲ್ಟರಿನ ಕೊಳವೆ ಬಿಚ್ಚಿ, ಥ್ರಾಟಲ್ ತೆರೆದು ಇಣುಕದಿದ್ದರೆ ಗೊತ್ತೇ ಆಗದು. ಕಾರಿನ ಸುತ್ತ ಎಲ್ಲೂ ಹೊಗೆಯಿಲ್ಲ, ಆದರೂ ಹೊಗೆ ಯಂತ್ರದ ಮೀಟರು ಒಳಗೆ ಹೊಗೆ ಹೋಗುತ್ತಲೇ ಇದೆ ಎಂದು ತೋರಿಸುತ್ತಿದೆ ಅಂದಾಗ ನಾನು ಮೊದಲು ನೋಡುವುದು ಅಲ್ಲಿ.

ಈ ಒಂದನ್ನು ನೀವೇ ಪರೀಕ್ಷಿಸಬಹುದು. ಎಂಜಿನ್ ತಣ್ಣಗಿರುವಾಗ ಬಾನೆಟ್ ತೆರೆದು ಪರ್ಜ್ ವಾಲ್ವಿಗೆ ಕ್ಯಾನಿಸ್ಟರಿನ ಕಡೆಯಿಂದ ಬರುವ ಹೋಸ್ ಬಿಚ್ಚಿ. ವಾಲ್ವಿನ ವೈರ್ ಕನೆಕ್ಟರನ್ನೂ ಕಳಚಿ, ಆಗ ವಾಲ್ವಿಗೆ ತೆರೆಯುವ ದಾರಿಯೇ ಇರುವುದಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿ, ಬರಿದಾದ ವಾಲ್ವ್ ಬಾಯಿಗೆ ಬೆರಳಿಡಿ. ಎಳೆತ ಇರಲೇಬಾರದು. ಬೆರಳನ್ನು ಹೀರಿಕೊಂಡಂತಾದರೆ ವಾಲ್ವ್ ಮುಚ್ಚುತ್ತಿಲ್ಲ. ಅದರ ಬೆಲೆ ಕ್ಯಾನಿಸ್ಟರಿನ ಮುಂದೆ ಏನೂ ಅಲ್ಲ, ಬದಲಿಸುವುದೂ ಸುಲಭ. ಕನೆಕ್ಟರ್ ಕಳಚಿ ಓಡಿಸಿದ್ದರಿಂದ ಇನ್ನೊಂದು ಕೋಡ್ ಬಂದರೆ ಗಾಬರಿಯಾಗಬೇಡಿ. ಎಳೆತ ಇಲ್ಲವೆಂದರೆ ವಾಲ್ವ್ ಬಹುಮಟ್ಟಿಗೆ ಸರಿಯಿದೆ, ಖಚಿತ ಮಾಡಲು ಹೊಗೆಯೇ ಬೇಕು.

ಆದರೆ ವಿಡಿಯೋ ನೋಡಿ ಮನೆಯಲ್ಲೇ ಹೊಗೆ ಯಂತ್ರ ಕಟ್ಟಲು ಮಾತ್ರ ಹೋಗಬೇಡಿ. ಡಬ್ಬಿಯೊಳಗೆ ಹೀಟರ್ ಕಾಯಿಲ್, ಬೇಬಿ ಆಯಿಲ್, ಟೈರಿಗೆ ಗಾಳಿ ಹಾಕುವ ಕಂಪ್ರೆಸರ್, ಇವನ್ನು ಪೆಟ್ರೋಲ್ ಟ್ಯಾಂಕಿಗೆ ಜೋಡಿಸುವುದು ಎಂದರೆ ಆವಿಗೆ ಗಾಳಿ ಬೆರೆಸಿ ಪಕ್ಕದಲ್ಲೇ ಕೆಂಪಗೆ ಕಾದ ತಂತಿ ಇಟ್ಟಂತೆ. ಇದಕ್ಕಾಗಿಯೇ ಒಳ್ಳೆಯ ಗ್ಯಾರೇಜುಗಳು ಗಾಳಿಯ ಬದಲು ನೈಟ್ರೋಜನ್ ಬಳಸುತ್ತವೆ. ಸಿಡಿಯದಿದ್ದರೂ ಕಂಪ್ರೆಸರಿನ ಒತ್ತಡಕ್ಕೆ ಆ ನಾಜೂಕು ಸೆನ್ಸರ್ ಹೋಗುತ್ತದೆ, ಆಗ ಕ್ಯಾನಿಸ್ಟರ್ ಕೊಳ್ಳುವುದು ನಿಜವಾಗಿಯೂ ಅನಿವಾರ್ಯವಾಗುತ್ತದೆ.

ಹಾಗೇ ಬಿಟ್ಟರೆ ಏನಾಗುತ್ತದೆ ಎಂದು ಕೇಳಿದ್ದೀರಿ. ಇಷ್ಟು ಸಣ್ಣ ಸೋರಿಕೆಯಿಂದ ಎಂಜಿನ್ ಹಾಳಾಗುವುದಿಲ್ಲ, ಮೈಲೇಜಿನಲ್ಲಿ ವ್ಯತ್ಯಾಸವೂ ನಿಮಗೆ ತಿಳಿಯದು. ದೀಪ ಒಂದೇ ಸಮನೆ ಉರಿಯುತ್ತಿದೆಯೇ ಹೊರತು ಮಿಣುಕುತ್ತಿಲ್ಲ ಎಂದರೆ ಆಫೀಸಿಗೆ ಓಡಿಸಿ. ತೊಂದರೆ ಏನೆಂದರೆ, ಆಗಲೇ ಹತ್ತಿರುವ ದೀಪ ಹೊಸ ದೋಷ ಬಂದರೆ ಅದನ್ನು ಪ್ರತ್ಯೇಕವಾಗಿ ಹೇಳುವುದಿಲ್ಲ, ಆದ್ದರಿಂದ ಆಗಾಗ ಸ್ಕ್ಯಾನರ್ ಹಾಕಿ ನೋಡುತ್ತಿರಿ. ಪೆಟ್ರೋಲ್ ವಾಸನೆ ಬರತೊಡಗಿದರೆ ಈ ಸಮಾಧಾನವೆಲ್ಲ ರದ್ದು. ಇಲ್ಲಿನ ಬಹಳ ಮನೆಗಳಲ್ಲಿ ಗ್ಯಾಸ್ ವಾಟರ್ ಹೀಟರ್ ಇರುವುದು ಕಾರು ನಿಲ್ಲಿಸುವ ಗ್ಯಾರೇಜಿನಲ್ಲೇ, ಒಳಗೆ ಬೆಂಕಿ ಇದ್ದೇ ಇರುತ್ತದೆ. ವಾಸನೆ ಬಂದ ದಿನದಿಂದ ಕಾರು ಹೊರಗೆ ನಿಲ್ಲಲಿ, ಮತ್ತು ಆ ವಾರವೇ ರಿಪೇರಿಯಾಗಲಿ.

ದುಡ್ಡು ಬಿಚ್ಚುವ ಮೊದಲು ಬಾನೆಟ್ ಎತ್ತಿ, ಅಲ್ಲಿ ಅಂಟಿಸಿರುವ ಎಮಿಷನ್ ಲೇಬಲ್ ಓದಿ. ಅದರಲ್ಲಿ ಪಿಝೆಡ್‌ಇವಿ (ಬಹಳ ಕಡಿಮೆ ಮಾಲಿನ್ಯದ ದರ್ಜೆ) ಎಂದಿದ್ದರೆ ನಿಮ್ಮ ಅದೃಷ್ಟ. ಕ್ಯಾಲಿಫೋರ್ನಿಯಾದಲ್ಲಿ ಆ ದರ್ಜೆಯಲ್ಲಿ ಮಾರಾಟವಾದ ಕಾರುಗಳ ಎಮಿಷನ್ ಭಾಗಗಳಿಗೆ 15 ವರ್ಷ ಅಥವಾ 1,50,000 ಮೈಲಿ, ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಇದೆ. ಸೆಕೆಂಡ್ ಹ್ಯಾಂಡ್ ಆದರೂ ವಾರಂಟಿ ಕಾರಿನ ಜೊತೆಗೇ ಬರುತ್ತದೆ. ಎಲ್ಲ ಕ್ಯಾಮ್ರಿಗಳಿಗೂ ಇದು ಇಲ್ಲ, ನಿಮ್ಮದಕ್ಕೆ ಇದೆಯೋ ಇಲ್ಲವೋ ಲೇಬಲ್ ಹೇಳುತ್ತದೆ. ಇದ್ದರೆ ನೇರ ಡೀಲರ್ ಬಳಿ ಹೋಗಿ. ಸೋರುತ್ತಿರುವುದು ಎಮಿಷನ್ ಭಾಗವೇ ಆದರೆ 1,180 ಡಾಲರ್ ನಿಮ್ಮ ಜೇಬಿನಲ್ಲೇ ಉಳಿಯಬಹುದು.

ಇಲ್ಲದಿದ್ದರೆ ನನ್ನ ಸಲಹೆ, ಹೊಸ ಭಾಗಕ್ಕಲ್ಲ, ಪತ್ತೆ ಹಚ್ಚುವ ಕೆಲಸಕ್ಕೆ ದುಡ್ಡು ಕೊಡಿ. ಟೊಯೋಟಾದ ಸ್ಕ್ಯಾನರ್ ಇರುವ, ಎಮಿಷನ್ ಕೆಲಸವನ್ನೇ ಹೆಚ್ಚಾಗಿ ಮಾಡುವ ಬೇರೆ ಗ್ಯಾರೇಜಿಗೆ ಕಾರನ್ನು ಹಿಂದಿನ ರಾತ್ರಿಯೇ ಬಿಟ್ಟು ಬನ್ನಿ, ಟ್ಯಾಂಕ್ ಅರ್ಧ ಇರಲಿ. ರಾತ್ರಿ ನಡೆಯುವ ಪರೀಕ್ಷೆಯನ್ನೇ ಸ್ಕ್ಯಾನರಿನಿಂದ ಹಗಲಲ್ಲಿ ನಡೆಸಬಹುದು, ಆದರೆ ಎಂಜಿನ್ ತಣ್ಣಗಿರಬೇಕು. ಪತ್ತೆಯ ಶುಲ್ಕ ಕೊಟ್ಟೂ ತೂತು ಸಿಗದಿರುವ ಸಂಭವ ಇದ್ದೇ ಇದೆ. ಅರ್ಧ ಮಿಲಿಮೀಟರ್ ಸೋರಿಕೆ ಚಳಿಗೆ ತೆರೆದು ಬಿಸಿಗೆ ಮುಚ್ಚಿಕೊಳ್ಳುವುದುಂಟು, ಆಗ ಎರಡನೇ ಸಲ ಹೋಗಬೇಕಾದೀತು. ಊಹೆಯ ಮೇಲೆ ಕ್ಯಾನಿಸ್ಟರ್ ಹಾಕಿಸಿ, ಮೂರನೇ ಬೆಳಗ್ಗೆ ಅದೇ ದೀಪ ನೋಡುವುದಕ್ಕಿಂತ ಅದು ಅಗ್ಗ. ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಕೆಲಸ ಶುರುಮಾಡುವ ಮೊದಲು ಲಿಖಿತ ಎಸ್ಟಿಮೇಟ್ ಕೊಡಬೇಕು, ಬಿಚ್ಚಿದ ಹಳೆಯ ಭಾಗ ಬೇಕೆಂದು ಮೊದಲೇ ಹೇಳಿದರೆ ಅದನ್ನೂ ಕೊಡಬೇಕು ಇಲ್ಲವೇ ತೋರಿಸಬೇಕು. ಎರಡನ್ನೂ ಕೇಳಿ.

ಕೊನೆಗೆ ಸ್ಮಾಗ್ ಚೆಕ್. ಕೋಡ್ ಅಳಿಸಿಕೊಂಡು ಹೋಗುವ ಉಪಾಯ ಹಳೆಯದು, ಪರೀಕ್ಷೆ ಮಾಡುವವರಿಗೆ ನಿಮಗಿಂತ ಮೊದಲೇ ಗೊತ್ತು. ಅಳಿಸಿದಾಗ ಕೋಡ್ ಜೊತೆಗೆ ಕಾರು ತನ್ನ ಮೇಲೆ ತಾನೇ ಮಾಡಿಕೊಂಡ ಎಲ್ಲ ಪರೀಕ್ಷೆಗಳ ಫಲಿತಾಂಶವೂ ಅಳಿಯುತ್ತದೆ. ಸ್ಮಾಗ್ ಯಂತ್ರಕ್ಕೆ ಅದು ಕಾಣುತ್ತದೆ, ಅಪೂರ್ಣ ಎಂದು ವಾಪಸ್ ಕಳಿಸುತ್ತಾರೆ. 2000 ಮತ್ತು ನಂತರದ ಮಾಡೆಲ್‌ನ ಪೆಟ್ರೋಲ್ ಕಾರುಗಳಲ್ಲಿ ಒಂದೇ ಒಂದು ಪರೀಕ್ಷೆ ಅಪೂರ್ಣವಾಗಿದ್ದರೆ ಮಾಫಿ ಇದೆ, ಅದು ಈ ಆವಿ ಸೋರಿಕೆಯದೇ. ಹಾಗಾದರೆ ಉಳಿದವು ಮುಗಿದು ಇದೊಂದು ಬಾಕಿಯಿರುವಾಗ ನುಸುಳಬಹುದಲ್ಲ ಎಂದು ನಿಮಗೆ ಹೊಳೆದೇ ಇರುತ್ತದೆ. ಅದಕ್ಕೂ ಬೀಗ ಬಿದ್ದಿದೆ. 2010 ಮತ್ತು ನಂತರದ ಕಾರುಗಳಲ್ಲಿ ಶಾಶ್ವತ ಕೋಡ್ ಎಂಬುದೊಂದು ಉಳಿಯುತ್ತದೆ. ಯಾವ ಸ್ಕ್ಯಾನರೂ ಅದನ್ನು ಅಳಿಸಲಾಗದು, ದೋಷವಿಲ್ಲವೆಂದು ಕಾರಿಗೇ ಮನವರಿಕೆಯಾದಾಗ ಮಾತ್ರ ಹೋಗುತ್ತದೆ. 2019ರ ಜುಲೈಯಿಂದ ಸ್ಮಾಗ್ ಚೆಕ್ಕಿನಲ್ಲಿ ಅದನ್ನೂ ನೋಡುತ್ತಾರೆ. ಕೋಡ್ ಅಳಿಸಿದ ಮೇಲೆ 200 ಮೈಲಿ ಓಡಿ, 15 ಬಾರಿ ಎಂಜಿನ್ ತಣ್ಣಗಾಗಿ ಬಿಸಿಯಾಗಿದ್ದರೆ ಶಾಶ್ವತ ಕೋಡನ್ನು ಕಡೆಗಣಿಸುತ್ತಾರೆ, ಆದರೆ ಅಷ್ಟರಲ್ಲಿ ನಿಮ್ಮ ಸೋರುವ ಕಾರು ಎಷ್ಟೋ ರಾತ್ರಿ ಕಳೆದು ಮತ್ತೆ ದೀಪ ಹತ್ತಿಸಿರುತ್ತದೆ.

ಆದ್ದರಿಂದ ರಿಪೇರಿ ಈ ವಾರ ಅಥವಾ ಮುಂದಿನ ವಾರ ಮಾಡಿಸಿ, ಸ್ಮಾಗ್ ಚೆಕ್ಕಿಗೆ ಒಂದೆರಡು ವಾರ ಅಂತರ ಉಳಿಸಿಕೊಳ್ಳಿ. ರಿಪೇರಿಯ ನಂತರ ಟ್ಯಾಂಕ್ ಪೂರ್ತಿ ತುಂಬಿಸದೆ ಎಂದಿನಂತೆ ಆಫೀಸಿಗೆ ಓಡಿಸಿ, ಸಂಜೆ ನಿಲ್ಲಿಸಿದ ಕಾರನ್ನು ರಾತ್ರಿ ಮತ್ತೆ ಎಬ್ಬಿಸಬೇಡಿ. ಊಟದ ನಂತರ ಹಾಲು ತರಲು ಹೋದರೂ ಐದು ಗಂಟೆಯ ಎಣಿಕೆ ಮೊದಲಿನಿಂದ ಶುರು. ತಾರೀಖು ಹತ್ತಿರವಾಗಿ ಕೆಲಸ ಮುಗಿಯದಿದ್ದರೆ ನೋಂದಣಿ ಶುಲ್ಕವನ್ನಾದರೂ ಡಿಎಂವಿಗೆ (ರಾಜ್ಯದ ವಾಹನ ನೋಂದಣಿ ಇಲಾಖೆಗೆ) ಗಡುವಿನೊಳಗೆ ಕಟ್ಟಿಬಿಡಿ. ಸ್ಮಾಗ್ ಸರ್ಟಿಫಿಕೇಟ್ ಆಮೇಲೆ ಸೇರಿಸಬಹುದು, ತಡವಾದ ದಂಡ ಮಾತ್ರ ತಪ್ಪುತ್ತದೆ. ಸ್ಮಾಗ್ ಚೆಕ್ಕಿನಲ್ಲಿ ಫೇಲಾಗಿ, ನಿಮ್ಮ ಕುಟುಂಬದ ಆದಾಯ ರಾಜ್ಯದ ಮಿತಿಯೊಳಗಿದ್ದರೆ, ಸ್ಮಾಗ್ ಚೆಕ್ ನೋಡಿಕೊಳ್ಳುವ ಸರ್ಕಾರಿ ಇಲಾಖೆ ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್‌ನವರು ರಿಪೇರಿ ಖರ್ಚಿಗೆ ನೆರವು ಕೊಡುತ್ತಾರೆ. ಆದರೆ ಅರ್ಜಿ ಮಂಜೂರಾಗುವ ಮೊದಲು ಕೈಯಿಂದ ಮಾಡಿಸಿಕೊಂಡ ರಿಪೇರಿಯ ಹಣ ವಾಪಸ್ ಬರುತ್ತದೆ ಎಂದು ನೆಚ್ಚಿಕೊಳ್ಳಬೇಡಿ, ಅರ್ಜಿ ಮೊದಲು ಹೋಗಲಿ.